ಲೆಕ್ಕದ ಪುಸ್ತಕಕ್ಕೂ ಬಾಡಿಗೆಯೆ?

ಅಮ್ಮ ಕೊಂಡ ಹೊಲಿಗೆ ಯಂತ್ರ ನಮ್ಮ ಮನೆಯಲ್ಲಿ ಈಗಲೂ ಓಡುತ್ತಿದೆ. ದುಡ್ಡು ಕೊಟ್ಟದ್ದು ಒಂದೇ ಸಲ. ಮೊನ್ನೆ ನಮ್ಮ ಉಳಿತಾಯ ಸಂಘದ ಲೆಕ್ಕ ಬರೆಯಲೆಂದು ಕಂಪ್ಯೂಟರ್ ಅಂಗಡಿಗೆ ಹೋದರೆ ಅಲ್ಲಿನ ಹುಡುಗ, "ಆಫೀಸ್ ಈಗ ಯಾರೂ ಕೊಳ್ಳೋದಿಲ್ಲ ಮೇಡಂ, ವರ್ಷವರ್ಷ ಚಂದಾ ಕಟ್ಟೋದಷ್ಟೆ" ಎಂದ. ನನಗೆ ಮೈ ಉರಿಯಿತು.

ಮನೆಬಳಕೆಯವರಿಗೆ ಮೈಕ್ರೋಸಾಫ್ಟ್ ಈ ಚಂದಾ ಶುರುಮಾಡಿದ್ದು 2013ರಲ್ಲಿ. ಆದರೆ ಒಂದೇ ಸಲ ದುಡ್ಡು ಕೊಟ್ಟು ಕೊಳ್ಳುವ ಆಫೀಸ್ 2024 ಕೂಡ ಅವರದೇ. ಹುಡುಗ ಅದರ ಬಗ್ಗೆ ಬಾಯಿಬಿಡಲಿಲ್ಲ. ಒಪ್ಪುತ್ತೇನೆ, ಅದು ಒಂದೇ ಕಂಪ್ಯೂಟರಿಗೆ. ಸುರಕ್ಷತೆಯ ತಿದ್ದುಪಡಿಗಳೂ 2029ರ ಅಕ್ಟೋಬರಿಗೆ ನಿಲ್ಲುತ್ತವೆ. ಮನೆತುಂಬ ಕಂಪ್ಯೂಟರಿದ್ದು, ಇಂಟರ್‌ನೆಟ್ಟಿನಲ್ಲಿ ಫೋಟೋ ತುಂಬಿಡುವವರಿಗೆ ಚಂದಾ ಲಾಭವೇ ಇರಬಹುದು. ನಮ್ಮದೇನು? ಕೂಡು, ಕಳೆ, ಬಡ್ಡಿ ಹಾಕು. ಕೂಡುವುದರಲ್ಲಿ ವರ್ಷಕ್ಕೊಂದು ಹೊಸತೇನಿರುತ್ತದೆ?

ಪತ್ರಿಕೆಗೂ ಚಂದಾ ಕಟ್ಟುತ್ತೀರಲ್ಲ ಎನ್ನಬೇಡಿ. ಚಂದಾ ಮುಗಿದರೂ ಹಳೆಯ ಸಂಚಿಕೆ ಅಟ್ಟದ ಮೇಲೆ ನಮ್ಮದಾಗಿಯೇ ಇರುತ್ತದೆ, ಅಂಚಿನಲ್ಲಿ ಅಡುಗೆಯ ಅಳತೆ ಗೀಚಿಕೊಂಡರೂ ಕೇಳುವವರಿಲ್ಲ. ಇಲ್ಲಿ ಹಾಗಲ್ಲ. ಕಟ್ಟುವುದು ಮರೆತು ಕೆಲವು ವಾರ ಕಳೆದರೆ, ಆ ಆಫೀಸಿನಲ್ಲಿ ನಮ್ಮದೇ ಲೆಕ್ಕವನ್ನು ತೆರೆದು ಓದಬಹುದು, ಪ್ರಿಂಟ್ ತೆಗೆಯಬಹುದು. ಹೊಸ ಸಾಲು ಬರೆಯುವಂತಿಲ್ಲ. ಹೂ ಮಾರುವಾಕೆ ಬೆವರಿದ ಕೈಯಲ್ಲಿ ಕಂತಿನ ದುಡ್ಡು ತಂದಿಟ್ಟರೆ, "ತಾಳಮ್ಮ, ಪುಸ್ತಕಕ್ಕೆ ಬಾಡಿಗೆ ಕಟ್ಟಿ ಬರ್ತೀನಿ" ಎನ್ನಲೆ?

ಕೊನೆಗೆ ಲಿಬ್ರೆಆಫೀಸ್ ಹಾಕಿಸಿಕೊಂಡೆ. ಅದಕ್ಕೆ ಬೆಲೆಯೂ ಇಲ್ಲ, ಬಾಡಿಗೆಯೂ ಇಲ್ಲ. ಹಾಕಿಕೊಟ್ಟದ್ದಕ್ಕೆ ಹುಡುಗ ನೂರು ರೂಪಾಯಿ ಕೇಳಿದ. ಕೊಟ್ಟೆ, ಒಂದೇ ಸಲ.