ತುಕ್ಕು ಹಿಡಿದದ್ದು ಸೈಕಲ್ಲಿಗೋ, ನಮ್ಮ ವಿವೇಕಕ್ಕೋ?

ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳ ನಮ್ಮ ಮನೆಗಳ ಹಿತ್ತಿಲನ್ನು ಒಮ್ಮೆ ನೋಡಿರಿ. ಗೋಡೆಗೊರಗಿದ ಹಳೆಯ ಸೈಕಲ್ಲೊಂದು ಅಲ್ಲಲ್ಲಿ ಕಣ್ಣಿಗೆ ಬೀಳುತ್ತದೆ. ಚಕ್ರ ತಿರುಗುತ್ತದೆ, ಚೌಕಟ್ಟು ಗಟ್ಟಿಯಾಗಿದೆ. ಸೀಟಿನ ಪೈಪು ಮಾತ್ರ ತುಕ್ಕಿನಿಂದ ಬಿಗಿದುಕೊಂಡಿದೆ. ಇಷ್ಟಕ್ಕೇ ಅದನ್ನು ಗುಜರಿಗೆ ಹಾಕುವುದು ಯಾವ ವಿವೇಕ?

ಇದು ಅಲ್ಪ ವಿಷಯವೆಂದು ನಗುವವರಿಗೆ ಒಂದು ಮಾತು. 2006-07ರಲ್ಲಿ ರಾಜ್ಯ ಸರ್ಕಾರವು ಎಂಟನೆಯ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ನೀಡತೊಡಗಿದ್ದು, ದೂರದ ಕಾರಣಕ್ಕೆ ಮಗು ಶಾಲೆ ಬಿಡಬಾರದೆಂದು. ಆ ಹುಡುಗಿ ಹತ್ತನೆಯ ತರಗತಿಗೆ ಬರುವಷ್ಟರಲ್ಲಿ ನಾಲ್ಕು ಬೆರಳು ಬೆಳೆದಿರುತ್ತಾಳೆ. ಸೀಟು ಏರದಿದ್ದರೆ ಮೊಣಕಾಲು ನೋಯುತ್ತದೆ, ಸೈಕಲ್ಲು ಮೂಲೆ ಸೇರುತ್ತದೆ, ಅವಳು ಮತ್ತೆ ನಡೆಯತೊಡಗುತ್ತಾಳೆ. ಚಿಟಿಕೆ ಗ್ರೀಸನ್ನು ಉಪೇಕ್ಷಿಸಿದ್ದಕ್ಕೆ ತೆರುವ ಬೆಲೆಯಿದು.

ಕಬ್ಬಿಣವು ತುಕ್ಕಾದಾಗ ಉಬ್ಬಿ, ಎರಡು ಕೊಳವೆಗಳ ನಡುವಿನ ಸಂದನ್ನು ತುಂಬುತ್ತದೆ. ಸುತ್ತಿಗೆಯಿಂದ ಬಡಿದರೆ ನೆಗ್ಗುವುದು ಚೌಕಟ್ಟೇ. ಬೆಂಕಿ ಕಾಯಿಸಿದರೆ ಬಣ್ಣ ಸುಡುತ್ತದೆ. ಎಣ್ಣೆಯಿದ್ದಲ್ಲಿ ಅದು ಅಪಾಯವೂ ಹೌದು. ಮೊದಲು ಬಿಗಿಯುವ ಬೋಲ್ಟನ್ನು ಸಡಿಲಿಸಬೇಕು. ಸಂದಿನ ಸುತ್ತ ತುಕ್ಕು ಬಿಡಿಸುವ ಎಣ್ಣೆ ಹಾಕಿ ರಾತ್ರಿಯಿಡೀ ಬಿಡಬೇಕು. ಅಡುಗೆ ಎಣ್ಣೆ ಬೇಡ, ಅದು ಕ್ರಮೇಣ ಅಂಟಾಗುತ್ತದೆ. ಮರುದಿನ ಪೈಪನ್ನು ಮೇಲಕ್ಕೆಳೆಯದೆ, ಎಡಕ್ಕೂ ಬಲಕ್ಕೂ ಮೆಲ್ಲಗೆ ಹೊರಳಿಸಬೇಕು. ಕದಲದಿದ್ದರೆ ಮತ್ತೆ ಎಣ್ಣೆ, ಮತ್ತೆ ಒಂದು ರಾತ್ರಿ. ಕೂದಲೆಳೆಯಷ್ಟು ಹೊರಳಿದರೂ ಗೆದ್ದಂತೆ. ಹೊರಬಂದ ಪೈಪನ್ನು ಉಜ್ಜಿ, ಗ್ರೀಸು ಸವರಿ, ಮೂರು ಅಂಗುಲಕ್ಕೆ ಕಡಿಮೆಯಿಲ್ಲದಂತೆ ಒಳಗಿಳಿಸಿ ಬಿಗಿಯಬೇಕು.

ರಿಪೇರಿಯ ಕೂಲಿಗಿಂತ ಹಳೆಯ ಸೈಕಲ್ಲಿನ ಬೆಲೆಯೇ ಕಡಿಮೆ ಎಂಬ ಆಕ್ಷೇಪವುಂಟು. ಆದರೆ ಇಲ್ಲಿ ಹೆಚ್ಚಿನ ಕೆಲಸ ಮಾಡುವುದು ಎಣ್ಣೆ. ಮನುಷ್ಯನು ಕೊಡಬೇಕಾದದ್ದು ತಾಳ್ಮೆ. ಅದಕ್ಕೂ ನಾವು ಬಡವರಾದೆವೇ?

ಹೊಸ ಸೈಕಲ್ಲುಗಳ ದಾನಕ್ಕೆ ನನ್ನ ವಿರೋಧವಿಲ್ಲ. ದಾನದ ದಿನ ಛಾಯಾಚಿತ್ರ ತೆಗೆಸಿಕೊಂಡು, ಮರುವರ್ಷ ಅದೇ ಸೈಕಲ್ಲು ತುಕ್ಕು ಹಿಡಿಯುವುದನ್ನು ಕಂಡೂ ಸುಮ್ಮನಿರುವ ಜಾಣ್ಮೆಗೆ ನನ್ನ ವಿರೋಧ. ಅಪರಿಗ್ರಹವೆಂದರೆ ಹಳೆಯದನ್ನೆಸೆದು ಹೊಸದಕ್ಕೆ ಜಾಗ ಮಾಡುವುದಲ್ಲ; ಇರುವುದನ್ನು ಬಾಳಿಸಿ, ಬೇಡಿಕೆಯನ್ನು ತಗ್ಗಿಸುವುದು.

ಬಸದಿಗಳ ವಿಶ್ವಸ್ತ ಮಂಡಳಿಗಳಲ್ಲಿ ನನ್ನ ವಿನಂತಿಯಿಷ್ಟೇ. ಬರುವ ಬೇಸಿಗೆ ರಜೆಯಲ್ಲಿ ಒಂದು ವಾರ ನಿಮ್ಮ ಸಭಾಭವನದ ಅಂಗಳದಲ್ಲಿ ನಾಲ್ಕು ಪಾನಾ, ಒಂದು ಡಬ್ಬಿ ಎಣ್ಣೆ, ಒಂದು ಡಬ್ಬಿ ಗ್ರೀಸು ಇಟ್ಟು, ಊರಿನ ಸೈಕಲ್ ರಿಪೇರಿಯವರೊಬ್ಬರನ್ನು ಗೌರವದಿಂದ ಕರೆಯಿರಿ. ಹಿತ್ತಿಲಿನ ಸೈಕಲ್ಲುಗಳು ಅಲ್ಲಿಗೆ ಬರಲಿ. ಅಲ್ಲಿಂದ ಶಾಲೆಯ ದಾರಿ ಹಿಡಿಯಲಿ.