ಸೇನೆಯ ಗಾಡಿ ಅಂಗಳಕ್ಕೆ ಬಂದರೆ

ಕಳೆದ ತಿಂಗಳು ಆಳಂದ ತಾಲೂಕಿನ ಜಿಡಗಾದಲ್ಲಿ ಬಂಧುಗಳೊಬ್ಬರ ಮನೆಯ ಮಂಗಲಕಾರ್ಯಕ್ಕೆ ಹೋಗಿದ್ದೆವು. ಪ್ರಸಾದವಾದ ಮೇಲೆ ಪಡಸಾಲೆಯಲ್ಲಿ ಹಿರಿಯರು, ತರುಣರು ಕೂಡಿ ಮಾತಿಗೆ ಕುಳಿತರು. ಮಳೆ, ತೊಗರಿಯ ಧಾರಣೆ, ಮಕ್ಕಳ ಓದು ಮುಗಿದ ಮೇಲೆ ಮಾತು ಅನಿರೀಕ್ಷಿತವಾಗಿ ಒಂದು ಲಾರಿಯ ಕಡೆಗೆ ತಿರುಗಿತು. ಮನೆಯ ತರುಣನೊಬ್ಬನು ಇಬ್ಬರು ಗೆಳೆಯರೊಡನೆ ಸೇರಿ, ಸೇನೆಯಿಂದ ನಿವೃತ್ತವಾದ ಶಕ್ತಿಮಾನ್ ಲಾರಿಯೊಂದನ್ನು ಗುಜರಿ ವ್ಯಾಪಾರಿಯಿಂದ ಕೊಳ್ಳಬೇಕೆಂದು ಹಂಬಲಿಸಿದ್ದಾನೆ. ಅದಕ್ಕೆ ವಿರೋಧವಾಗಿ ನಿಂತವರು ಬೇರಾರೂ ಅಲ್ಲ, ಆರ್ಮಿ ಸರ್ವಿಸ್ ಕೋರ್‌ನಲ್ಲಿ ಅದೇ ಲಾರಿಯನ್ನು ಹದಿನೈದು ವರ್ಷ ನಡೆಸಿ ಬಂದ ಅವನ ಕಾಕಾ!

“ಕಾಕಾ, ನಿಮ್ಮ ಮ್ಯಾಲಿನ ಅಭಿಮಾನಕ್ಕಂತನೇ ತಗೋಬೇಕಂತೀನ್ರಿ. ಇಲ್ಲಂದ್ರ ಗುಜರಿಯವ್ರು ಕೊಯ್ದು ಕಿಲೋ ಲೆಕ್ಕದಾಗ ಮಾರ್ತಾರ” ಎಂದನು ತರುಣ. “ತಮ್ಮಾ, ನೀ ಅದರ ಫೋಟೋ ನೋಡೀದಿ. ನಾ ಅದರ ಜೋಡಿ ಸಂಸಾರ ಮಾಡೀನಿ. ಜೋಜಿಲಾದಾಗ ಬ್ರೇಕ್ ಹಿಡೀಲಿಲ್ಲಂದ್ರ ಜೀವಾನೇ ಹೋಗ್ತಿತ್ತು. ಅದು ಆಟಿಗಿ ಸಾಮಾನಲ್ಲ” ಎಂದರು ಕಾಕಾ. ಒಂದು ಹಂಗಾಮಿನ ತೊಗರಿಯ ಹಣವೆಲ್ಲ ಅದಕ್ಕೆ ಹೋಗುವುದೆಂದು ತಾಯಿಯ ಕಳವಳ. ಕೊನೆಗೆ ಎಲ್ಲರೂ ನಮ್ಮ ಕಡೆಗೆ ನೋಡಿದರು. ಆಗ ನಮಗೆ ತೋಚಿದ್ದು ಅಲ್ಪ. ಬಳಿಕ ಅರಿತವರನ್ನು ಕೇಳಿ ತಿಳಿದುದನ್ನು ಓದುಗ ಬಂಧುಗಳ ಮುಂದಿಡುತ್ತಿದ್ದೇವೆ.

ಹಳೆಯ ಸೇನಾ ವಾಹನಗಳನ್ನು ಸಂಗ್ರಹಿಸುವ ಹವ್ಯಾಸ ಪಶ್ಚಿಮ ದೇಶಗಳಲ್ಲಿ ಬಹುಕಾಲದಿಂದ ಬೆಳೆದು ಬಂದಿದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕವು ಆರು ಲಕ್ಷಕ್ಕೂ ಮಿಕ್ಕಿ ಜೀಪುಗಳನ್ನೂ, ಜಿಎಂಸಿ ಕಂಪನಿಯ ಎರಡೂವರೆ ಟನ್ನಿನ ಲಾರಿಗಳನ್ನು ಐದು ಲಕ್ಷಕ್ಕೂ ಹೆಚ್ಚಾಗಿಯೂ ನಿರ್ಮಿಸಿತು. ಯುದ್ಧ ಮುಗಿದೊಡನೆ ಅವುಗಳಲ್ಲಿ ಅನೇಕವು ಹರಾಜಾಗಿ ರೈತರ, ವ್ಯಾಪಾರಿಗಳ ಕೈಸೇರಿದವು. ಅವನ್ನು ಹುಡುಕಿ ದುರಸ್ತಿಗೊಳಿಸುವವರ ಸಂಘಗಳು ಇಂಗ್ಲೆಂಡು, ಅಮೆರಿಕಗಳಲ್ಲಿ ಇಂದಿಗೂ ನಡೆಯುತ್ತಿವೆ.

ನಮ್ಮ ಭಾಗಕ್ಕೂ ಈ ಗಾಡಿಗಳಿಗೂ ನಂಟಿಲ್ಲವೆಂದು ಭಾವಿಸಬಾರದು. 1948ರ ಸೆಪ್ಟೆಂಬರ್ 13ರಂದು ಮೇಜರ್ ಜನರಲ್ ಜೆ.ಎನ್. ಚೌಧರಿಯವರ ನೇತೃತ್ವದಲ್ಲಿ ಭಾರತೀಯ ಸೇನೆಯು ಸೊಲ್ಲಾಪುರದಿಂದ ಹೊರಟು ನಳದುರ್ಗದ ಮಾರ್ಗವಾಗಿ ನಿಜಾಮನ ರಾಜ್ಯವನ್ನು ಪ್ರವೇಶಿಸಿತು. ಆ ಹೆದ್ದಾರಿ ನಮ್ಮ ಆಳಂದ ಸೀಮೆಯ ಉತ್ತರಕ್ಕೆ ಹಾದುಹೋಗುತ್ತದೆ. ಆಗ ನಮ್ಮ ಸೇನೆಯಲ್ಲಿದ್ದ ಲಾರಿ, ಜೀಪುಗಳು ಬಹುಮಟ್ಟಿಗೆ ಮಹಾಯುದ್ಧದ ಕಾಲದವೇ. ಸೆಪ್ಟೆಂಬರ್ 17ಕ್ಕೆ ಹೈದರಾಬಾದು ಶರಣಾಯಿತು. ಈ ಭಾಗದ ಜನ ಸ್ವಾತಂತ್ರ್ಯದ ಗಾಳಿಯನ್ನು ಉಸಿರಾಡಿದರು.

ಮುಂದೆ ಹೊರನಾಡಿನ ಗಾಡಿಗಳನ್ನೇ ನೆಚ್ಚಿಕೊಂಡಿರುವುದು ತರವಲ್ಲವೆಂದು ಸರ್ಕಾರವು ಜರ್ಮನಿಯ ಮ್ಯಾನ್ ಕಂಪನಿಯ ಪರವಾನಗಿ ಪಡೆದು, 1959ರಲ್ಲಿ ಜಬಲ್ಪುರದಲ್ಲಿ ಶಕ್ತಿಮಾನ್ ಲಾರಿಗಳ ನಿರ್ಮಾಣವನ್ನು ಆರಂಭಿಸಿತು. 1965 ಮತ್ತು 1971ರ ಯುದ್ಧಗಳಲ್ಲಿ ಮದ್ದುಗುಂಡು, ಅಕ್ಕಿ, ಹಿಟ್ಟು, ಯೋಧರು, ಗಾಯಾಳುಗಳು ಎಲ್ಲರನ್ನೂ ಎಲ್ಲವನ್ನೂ ಹೊತ್ತದ್ದು ಈ ಲಾರಿಯೇ. 1996ರ ಸುಮಾರಿಗೆ ಅದರ ನಿರ್ಮಾಣ ನಿಂತು, ಅಶೋಕ್ ಲೇಲ್ಯಾಂಡ್ ಕಂಪನಿಯ ಸ್ಟಾಲಿಯನ್ ಮೊದಲಾದವು ಆ ಸ್ಥಾನಕ್ಕೆ ಬಂದವು. ಜಬಲ್ಪುರದಲ್ಲಿಯೇ 1969ರಿಂದ ಮೂವತ್ತು ವರ್ಷ ತಯಾರಾದ ಇನ್ನೊಂದು ಗಾಡಿ ಜೊಂಗಾ. ಇದು ಜಪಾನಿನ ನಿಸ್ಸಾನ್ ಕಂಪನಿಯ ವಿನ್ಯಾಸದ್ದು. ಕ್ರಿಕೆಟ್ ಆಟಗಾರ ಮಹೇಂದ್ರಸಿಂಗ್ ಧೋನಿಯವರು 2019ರಲ್ಲಿ ಇಂಥದೊಂದು ಹಳೆಯ ಜೊಂಗಾವನ್ನು ಕೊಂಡಾಗ ತರುಣರ ಕಣ್ಣು ಈ ಕಡೆಗೆ ಹೊರಳಿತು.

ಇನ್ನು ಆಸಕ್ತರ ಮತಭೇದಗಳನ್ನು ನೋಡೋಣ. ಮೊದಲನೆಯದು ಗಾಡಿಯ ಮೂಲರೂಪದ ಪ್ರಶ್ನೆ. ಸೇನೆಯಿಂದ ಹೊರಬಿದ್ದಾಗ ಹೇಗಿತ್ತೋ ಹಾಗೆಯೇ, ಅದೇ ಎಂಜಿನ್, ಅದೇ ಆಸನ, ಅದೇ ಗೀರುಗಳೊಡನೆ ಉಳಿಯಬೇಕೆಂಬುದು ಒಂದು ಪಕ್ಷ. ಹೊಸ ತಗಡು ಬಡಿದು ಮಿರಮಿರನೆ ಮಾಡಿದರೆ ಅದರ ಚರಿತ್ರೆಯನ್ನೇ ಅಳಿಸಿದಂತಾಗುತ್ತದೆ ಎಂದು ಅವರು ವಾದಿಸುತ್ತಾರೆ. ಓಡದ ಗಾಡಿ ಹೆಣಕ್ಕೆ ಸಮಾನ, ಓಡಿಸಲು ಏನು ಬೇಕೋ ಅದನ್ನು ಹಾಕಲೇಬೇಕು ಎಂಬುದು ಎರಡನೆಯ ಪಕ್ಷ. ಜೊಂಗಾದ ಪೆಟ್ರೋಲ್ ಎಂಜಿನ್ ಸುಮಾರು ನಾಲ್ಕು ಲೀಟರ್ ಗಾತ್ರದ್ದು. ಅದರ ಹಸಿವನ್ನು ತಣಿಸಲಾರದೆ ಅನೇಕರು ಡೀಸೆಲ್ ಎಂಜಿನ್ ಕೂಡಿಸಿದ್ದಾರೆ. ಇಬ್ಬರ ಮಾತಿನಲ್ಲಿಯೂ ಸತ್ಯಾಂಶವಿದೆ.

ಎರಡನೆಯದು ಬಣ್ಣದ ಪ್ರಶ್ನೆ. ಸೇನೆಯ ಹಸಿರು ಬಣ್ಣವಿಲ್ಲದೆ ಸೇನೆಯ ಗಾಡಿಗೆ ಕಳೆಯೆಲ್ಲಿ ಎಂದು ತರುಣರು ಕೇಳುತ್ತಾರೆ. ಆದರೆ ಕೇಂದ್ರ ಮೋಟಾರು ವಾಹನಗಳ ನಿಯಮಾವಳಿಯ 121ನೆಯ ನಿಯಮದಂತೆ, ರಕ್ಷಣಾ ಇಲಾಖೆಯ ವಾಹನಗಳ ಹೊರತು ಬೇರಾವ ವಾಹನಕ್ಕೂ ಆಲಿವ್ ಹಸಿರು ಬಣ್ಣ ಬಳಿಯುವಂತಿಲ್ಲ. ಇದು ಕಾರಣವಿಲ್ಲದ ಕಟ್ಟಳೆಯಲ್ಲ. ಆ ಬಣ್ಣದ ಗಾಡಿಯನ್ನು ಕಂಡೊಡನೆ ಜನ ದಾರಿ ಬಿಡುತ್ತಾರೆ, ಕಾವಲುಗಾರರು ನಂಬುತ್ತಾರೆ. ದುರುಳರ ಕೈಯಲ್ಲಿ ಆ ನಂಬಿಕೆ ಆಯುಧವಾಗಬಹುದು. ಬಾಣದ ಗುರುತಿನ ಸೇನಾ ಸಂಖ್ಯಾಫಲಕದ ಮಾತೂ ಹೀಗೆಯೇ.

ಮೂರನೆಯದು ಕಾಗದಪತ್ರಗಳ ಪ್ರಶ್ನೆ. ಸೇನೆಯು ಕೈಬಿಟ್ಟ ವಾಹನಗಳನ್ನು ಕೇಂದ್ರ ಸರ್ಕಾರದ ಉದ್ಯಮವಾದ ಎಂಎಸ್‌ಟಿಸಿ ಮುಂತಾದವುಗಳ ಮೂಲಕ, ಇದ್ದಲ್ಲಿ ಇದ್ದಂತೆಯೇ ಹರಾಜು ಹಾಕಲಾಗುತ್ತದೆ. ಹರಾಜಿನ ಮೂಲ ಪತ್ರವಿಲ್ಲದೆ ಕೈಯಿಂದ ಕೈಗೆ ಬಂದ ಗಾಡಿಯನ್ನು ಸಾರಿಗೆ ಕಚೇರಿಯಲ್ಲಿ ನೋಂದಾಯಿಸುವುದು ದುಸ್ಸಾಧ್ಯ. 2021ರ ಜುಲೈಯಲ್ಲಿ ಕೇಂದ್ರ ಸರ್ಕಾರವು ಐವತ್ತು ವರ್ಷ ಮೀರಿದ, ಮೂಲರೂಪದಲ್ಲಿ ಉಳಿದ ವಾಹನಗಳಿಗಾಗಿ ಪ್ರತ್ಯೇಕ ನೋಂದಣಿಯನ್ನು ಜಾರಿಗೊಳಿಸಿತು. ಅದಕ್ಕೆ 20,000 ರೂಪಾಯಿ ಶುಲ್ಕ, ಹತ್ತು ವರ್ಷದ ಅವಧಿ. ಆದರೆ ಅದು ದ್ವಿಚಕ್ರ ವಾಹನಗಳನ್ನೂ ಜನರನ್ನು ಒಯ್ಯುವ ಸಣ್ಣ ನಾಲ್ಕು ಚಕ್ರದ ವಾಹನಗಳನ್ನೂ ಕುರಿತದ್ದು. ನಿತ್ಯದ ಓಡಾಟಕ್ಕೂ ಬಾಡಿಗೆಗೂ ಬಳಸುವಂತಿಲ್ಲ. ಹಳೆಯ ಜೀಪಿಗೆ ದೊರೆಯಬಹುದಾದ ಆಶ್ರಯ ಲಾರಿಗೆ ದೊರೆಯದು. ಆದಕಾರಣ ಮುಂಗಡ ಕೊಡುವುದಕ್ಕೆ ಮೊದಲೇ ಸಾರಿಗೆ ಕಚೇರಿಯ ಮೆಟ್ಟಿಲು ಹತ್ತುವುದು ಜಾಣತನ.

ಕೊನೆಯದು, ಎಲ್ಲಕ್ಕಿಂತ ಹಿರಿದಾದದ್ದು: ಇಂಥ ಗಾಡಿ ಯಾರ ಬಳಿ ಇರಬೇಕು? ವಸ್ತುಸಂಗ್ರಹಾಲಯದಲ್ಲಿದ್ದರೆ ಸಾವಿರಾರು ಮಕ್ಕಳು ನೋಡುತ್ತಾರೆ, ನೆರಳಿರುತ್ತದೆ, ಕಾಯುವವರಿರುತ್ತಾರೆ ಎಂಬುದು ಕೆಲವರ ಮತ. ಧರ್ಮಸ್ಥಳದಲ್ಲಿ ಡಾ. ವೀರೇಂದ್ರ ಹೆಗ್ಗಡೆಯವರು ಕೂಡಿಸಿದ ಹಳೆಯ ಕಾರುಗಳ ಸಂಗ್ರಹವನ್ನು ಯಾತ್ರಿಕರೆಲ್ಲ ಕಂಡಿದ್ದಾರೆ. ಮಡಿಕೇರಿಯಲ್ಲಿ ಜನರಲ್ ತಿಮ್ಮಯ್ಯನವರ ಮನೆ ‘ಸನ್ನಿಸೈಡ್’ 2021ರಲ್ಲಿ ವಸ್ತುಸಂಗ್ರಹಾಲಯವಾಯಿತು; ಅಲ್ಲಿ ಯುದ್ಧ ಟ್ಯಾಂಕೊಂದು ನಿಂತಿದೆ. 1948ರ ನವೆಂಬರ್‌ನಲ್ಲಿ 11,500 ಅಡಿ ಎತ್ತರದ ಜೋಜಿಲಾಕ್ಕೆ ಟ್ಯಾಂಕುಗಳನ್ನು ಏರಿಸಿ ಗೆದ್ದ ಸಾಹಸಿ ಅವರೇ. ನಮ್ಮ ಕಾಕಾ ಲಾರಿ ನಡೆಸಿದ್ದೂ ಅದೇ ದಾರಿಯಲ್ಲಿ! ಇನ್ನು ಕೆಲವರ ಮತವೆಂದರೆ, ಸಂಗ್ರಹಾಲಯಗಳು ಎಲ್ಲವನ್ನೂ ಉಳಿಸಲಾರವು. ಟ್ಯಾಂಕು, ವಿಮಾನಗಳಿಗೆ ದೊರೆಯುವ ಗೌರವ ಹಿಟ್ಟು ಹೊತ್ತ ಲಾರಿಗೆ ದೊರೆಯುವುದಿಲ್ಲ. ಅದನ್ನು ಪ್ರೀತಿಯಿಂದ ಉಳಿಸುವವನು ಒಬ್ಬ ಹವ್ಯಾಸಿ ಮಾತ್ರ. ಈ ಮಾತು ನಮಗೆ ಹಿಡಿಸಿತು. ಕಾಯಕದಲ್ಲಿ ಮೇಲು ಕೀಳಿಲ್ಲವೆಂದು ನಂಬಿದ ಮನೆತನಗಳಲ್ಲವೇ ನಮ್ಮವು?

ಹಾಗೆಂದು ಮನೆಯ ಅನ್ನದ ಹಣವನ್ನು ಕಬ್ಬಿಣಕ್ಕೆ ಸುರಿಯಿರೆಂದು ನಾವು ಹೇಳಲಾರೆವು. ಕೊಳ್ಳುವುದು ಒಂದು ದಿನದ ಖರ್ಚು. ಟೈರು, ಬಿಡಿಭಾಗ, ಎಣ್ಣೆ, ನಿಲ್ಲಿಸುವ ಜಾಗ, ಮಳೆಗೆ ಮರೆ, ಇವು ವರ್ಷವರ್ಷದ ಖರ್ಚು. ಎತ್ತನ್ನು ಕೊಳ್ಳುವಾಗ ಮೇವಿನ ಬಣವೆಯನ್ನೂ ನೋಡುವುದು ನಮ್ಮ ಒಕ್ಕಲುತನದ ರೀತಿ. ಮೂವರು ಗೆಳೆಯರು ಕೂಡಿ ಕೊಳ್ಳುವುದಾದರೆ ಪಾಲು, ಖರ್ಚು, ಮುಂದೆ ಮಾರುವ ಹಕ್ಕು ಎಲ್ಲವನ್ನೂ ಬರೆದಿಡಬೇಕು. ಇಲ್ಲವಾದರೆ ಲಾರಿ ಉಳಿದು ಗೆಳೆತನ ಗುಜರಿಗೆ ಹೋದೀತು. ಹೆಂಗಸರ ಒಪ್ಪಿಗೆ ಇಲ್ಲದೆ ಅಂಗಳಕ್ಕೆ ತರುವುದಂತೂ ಸಲ್ಲದು; ಆ ಅಂಗಳವನ್ನು ದಿನವೂ ಗುಡಿಸುವವರು ಅವರು.

ಅಂದು ಜಿಡಗಾದಿಂದ ಹೊರಡುವಾಗ ನಾವು ತರುಣನಿಗೆ ಒಂದೇ ಮಾತು ಹೇಳಿದೆವು: “ಲಾರಿ ಸಿಕ್ಕೀತು, ಸಿಗದೆಯೂ ಹೋದೀತು. ಅದಕ್ಕೆ ಮೊದಲು ಕಾಕಾರ ನೆನಪುಗಳನ್ನು ಸಂಗ್ರಹಿಸು. ಹಿಮದಲ್ಲಿ ಎಂಜಿನ್ ಹೇಗೆ ಎಬ್ಬಿಸುತ್ತಿದ್ದರು, ಇಳಿಜಾರಿನಲ್ಲಿ ಯಾವ ಗೇರು ಹಾಕುತ್ತಿದ್ದರು, ಜೊತೆಯಲ್ಲಿ ಯಾವ ಯಾವ ಊರಿನವರಿದ್ದರು, ಎಲ್ಲವನ್ನೂ ಬರೆದುಕೋ. ಅದಕ್ಕೆ ಹರಾಜಿಲ್ಲ, ಮತ್ತೊಮ್ಮೆ ಸಿಗುವುದೂ ಇಲ್ಲ.”

ಮೊನ್ನೆ ಅವನ ಪತ್ರ ಬಂದಿತು. ಲಾರಿಯ ವ್ಯವಹಾರ ಇನ್ನೂ ತೀರ್ಮಾನವಾಗಿಲ್ಲ. ಮೂಲ ಪತ್ರ ತೋರಿಸೆಂದು ಕೇಳಿದಾಗಿನಿಂದ ವ್ಯಾಪಾರಿ ದಿನ ತಳ್ಳುತ್ತಿದ್ದಾನಂತೆ. ಆದರೆ ಇನ್ನೂರು ಪುಟದ ನೋಟುಬುಕ್ಕಿನಲ್ಲಿ ಅರ್ಧ ತುಂಬಿದೆಯಂತೆ. ಸಂಜೆ ತಾವೇ ಕರೆದು, “ಬಾ ತಮ್ಮಾ, ನಿನ್ನಿದು ಎಲ್ಲಿಗಿ ಬಿಟ್ಟಿದ್ದೆವು?” ಎಂದು ಕೇಳುವವರು ಈಗ ಕಾಕಾರಂತೆ. ವ್ಯಾಪಾರಿಯ ಅಂಗಳಕ್ಕೆ ಹೋಗಿ ಆ ಗಾಡಿಯನ್ನೊಮ್ಮೆ ನೋಡಿಬರಲು ಅವರೂ ಒಪ್ಪಿದ್ದಾರೆ. ನಿಮ್ಮ ಮನೆಗಳಲ್ಲಿಯೂ ಸೇನೆಯಿಂದ ಬಂದ ಹಿರಿಯರಿದ್ದರೆ ಇಂದೇ ಒಂದು ನೋಟುಬುಕ್ಕು ತೆರೆಯಿರಿ.