ಪಾತ್ರಾಭಿನಯಕ್ಕೆ ಮುಕ್ತಾಯ ಮೊದಲೇ ಗೊತ್ತಿರಬೇಕೆ?

ನಮ್ಮ ಪಾಠ ಯೋಜನೆಗಳಲ್ಲಿ ‘ಪಾತ್ರಾಭಿನಯ’ ಎಂಬ ಪದ ಬಹಳ ಸಲೀಸಾಗಿ ಬಂದುಬಿಡುತ್ತದೆ. ಚಟುವಟಿಕೆಯ ಕಲಮಿನಲ್ಲಿ ಏನು ಬರೆಯುವುದೆಂದು ತೋಚದಿದ್ದಾಗ ಅದೇ ಕೈ ಹಿಡಿಯುತ್ತದೆ. ಇಬ್ಬರು ಮಕ್ಕಳು ಮುಂದೆ ಬರುತ್ತಾರೆ. ಒಬ್ಬ ಆಮ್ಲ, ಇನ್ನೊಬ್ಬಳು ಪ್ರತ್ಯಾಮ್ಲ. ನಾವು ಬರೆದುಕೊಟ್ಟ ನಾಲ್ಕು ಮಾತು ಒಪ್ಪಿಸಿ, ಕೈ ಕುಲುಕಿ, ಲವಣವೂ ನೀರೂ ಆಗಿ ಹೋಗಿ ಕೂರುತ್ತಾರೆ. ಚಪ್ಪಾಳೆ. ಅವಲೋಕನ ಹಾಳೆಯಲ್ಲಿ ‘ವಿದ್ಯಾರ್ಥಿಗಳ ಸಹಭಾಗಿತ್ವ ಚೆನ್ನಾಗಿದೆ’ ಎಂಬ ಷರಾ. ನನ್ನ ಅಭಿಪ್ರಾಯದಲ್ಲಿ ಇದು ಕಂಠಪಾಠವೇ, ಎದ್ದು ನಿಂತು ಮಾಡಿದ್ದು ಅಷ್ಟೇ. ಆಮ್ಲದ ಪಾತ್ರಧಾರಿಗೆ ನಿರ್ಧರಿಸಲು ಏನೂ ಇರುವುದಿಲ್ಲ.

ಪಾತ್ರಾಭಿನಯದ ಇನ್ನೊಂದು ಬಗೆಯಿದೆ. ಅದನ್ನು ಬೋಧನಾಭ್ಯಾಸದೊಳಗೆ ತರಬೇಕೆಂಬುದು ಈ ಬರಹದ ವಾದ. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಆಟ ಪ್ರಕಟಿಸಿದರು. ಮೇಜಿನ ಸುತ್ತ ಐದಾರು ಜನ ಕೂರುತ್ತಾರೆ. ಅವರಲ್ಲಿ ಒಬ್ಬರು ನಿರ್ವಾಹಕರು, ಉಳಿದವರಿಗೆ ಒಂದೊಂದು ಪಾತ್ರ. ನಿರ್ವಾಹಕರು ಸನ್ನಿವೇಶ ಹೇಳುತ್ತಾರೆ, ಆಟಗಾರರು ತಾವೇನು ಮಾಡುತ್ತೇವೆಂದು ಹೇಳುತ್ತಾರೆ, ಫಲಿತಾಂಶ ಖಚಿತವಿಲ್ಲದ ಕಡೆ ದಾಳ ತೀರ್ಮಾನಿಸುತ್ತದೆ. ಒಂದು ವಾರ ನಿಲ್ಲಿಸಿದಲ್ಲಿಂದ ಮುಂದಿನ ವಾರ ಮುಂದುವರಿಸುತ್ತ ತಿಂಗಳುಗಟ್ಟಲೆ ಸಾಗುವ ಇಂಥ ಆಟಕ್ಕೆ ‘ಕ್ಯಾಂಪೇನ್’ ಎನ್ನುತ್ತಾರೆ. ಮುಕ್ತಾಯ ಏನೆಂದು ನಿರ್ವಾಹಕರಿಗೂ ತಿಳಿದಿರುವುದಿಲ್ಲ.

ಮಕ್ಕಳಾಟವೆಂದು ಮೂಗು ಮುರಿಯುವ ಮುನ್ನ ಇದರ ವಂಶಾವಳಿ ನೋಡಬಹುದು. ನಿರ್ಣಾಯಕ, ದಾಳ, ಎದುರಾಳಿಗೆ ಗೊತ್ತಾಗದ ಮಾಹಿತಿ, ಈ ಮೂರೂ ಇದ್ದ ‘ಕ್ರೀಗ್‌ಸ್ಪೀಲ್’ ಎಂಬ ಆಟವನ್ನು 1824ರಲ್ಲಿ ಪ್ರಷ್ಯಾದ ಸೈನ್ಯ ತನ್ನ ಅಧಿಕಾರಿಗಳ ತರಬೇತಿಗೆ ತೆಗೆದುಕೊಂಡಿತು. ಅಂದರೆ ಇದರ ಅಜ್ಜ ಒಂದು ಬೋಧನೋಪಕರಣ. ಗೈಗ್ಯಾಕ್ಸ್ ಬಳಸಿದ ಇಪ್ಪತ್ತು ಮುಖದ ದಾಳ ಸಿಕ್ಕಿದ್ದೂ ಶಾಲಾ ಸಾಮಗ್ರಿ ಮಾರುವ ಕಂಪನಿಯ ಕ್ಯಾಟಲಾಗಿನಲ್ಲಿ. ಶಿಕ್ಷಕರ ಕಪಾಟಿನಿಂದ ಹೋದದ್ದನ್ನು ವಾಪಸು ತಂದರೆ ತಪ್ಪೇನು?

ಇಂಟರ್ನ್‌ಶಿಪ್‌ನಲ್ಲಿ 9ನೇ ತರಗತಿಯ 36 ಮಕ್ಕಳ ಜೊತೆ ಐದು ಅವಧಿಗಳ ಒಂದು ಕ್ಯಾಂಪೇನ್ ನಡೆಸಿದೆ. ಆರು ಗುಂಪು, ಗುಂಪಿಗೆ ಆರು ಪಾತ್ರ. ಸನ್ನಿವೇಶ ಕುಸಿಯುತ್ತಿರುವ ಒಂದು ಪುರಾತನ ಸಾಮ್ರಾಜ್ಯದ ಗಡಿ ಪಟ್ಟಣ. ಹಳೆಯ ಸಾಮ್ರಾಜ್ಯಗಳ ಸೆಳೆತ ಈ ಬಗೆಯ ಆಟಕ್ಕೆ ಮೊದಲಿನಿಂದಲೂ ಇದೆ. ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಉರ್ದು ಮತ್ತು ದಕ್ಷಿಣ ಏಷ್ಯಾ ಅಧ್ಯಯನ ಕಲಿಸುತ್ತಿದ್ದ ಎಂ.ಎ.ಆರ್. ಬಾರ್ಕರ್ 1975ರಲ್ಲೇ ಅಂಥದ್ದೊಂದು ಆಟ ಪ್ರಕಟಿಸಿದ್ದರು. ನಾನು ಕುಸಿತವನ್ನು ಆರಿಸಿದ್ದಕ್ಕೆ ಕಾರಣ ಬೇರೆ. ಏಳಿಗೆಯ ಕತೆಯಲ್ಲಿ ಎಲ್ಲರೂ ರಾಜರಾಗಲು ಹೊರಡುತ್ತಾರೆ. ಕುಸಿತದಲ್ಲಿ ಗೆಲ್ಲುವುದು ಎಂಬುದೇ ಇಲ್ಲ. ಉಗ್ರಾಣ, ಸೇತುವೆ, ಸೈನಿಕರ ಸಂಬಳ, ಮೂರಕ್ಕೂ ಸಾಲುವಷ್ಟು ಹಣ ಖಜಾನೆಯಲ್ಲಿಲ್ಲ. ಯಾವುದನ್ನು ಕೈಬಿಡುತ್ತೀರಿ ಎಂದು ಕೇಳಿದರೆ ಹಿಂದಿನ ಬೆಂಚಿನವರೂ ಬಾಯಿ ಬಿಡುತ್ತಾರೆ, ಏಕೆಂದರೆ ಪುಸ್ತಕದಲ್ಲಿ ಅದಕ್ಕೆ ಉತ್ತರವಿಲ್ಲ.

ಈ ಕಾಲ್ಪನಿಕ ಸಾಮ್ರಾಜ್ಯದ ಎಲುಬು ಮಾತ್ರ ನಿಜವಾದದ್ದು. ಅದು ಕ್ರಿ.ಶ. 235ರಿಂದ 284ರವರೆಗಿನ ರೋಮ್. ಆ ಐವತ್ತು ವರ್ಷಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಚಕ್ರವರ್ತಿಗಳು ಬಂದುಹೋದರು. ಆಗಸ್ಟಸ್ ಕಾಲದಲ್ಲಿ ಹೆಚ್ಚುಕಡಿಮೆ ಶುದ್ಧ ಬೆಳ್ಳಿಯಾಗಿದ್ದ ನಾಣ್ಯದಲ್ಲಿ ಸೆಪ್ಟಿಮಿಯಸ್ ಸೆವೆರಸ್ ಹೊತ್ತಿಗೆ ಬೆಳ್ಳಿ ಸುಮಾರು ಅರ್ಧಕ್ಕಿಳಿದಿತ್ತು. 260ರ ದಶಕದ ಕೊನೆಗೆ ಶೇಕಡಾ 5ಕ್ಕಿಂತ ಕಡಿಮೆ, ಮೇಲೊಂದು ಬೆಳ್ಳಿಯ ತೆಳು ಲೇಪ. (ನಮ್ಮ ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಸಿಕ್ಕ ರೋಮನ್ ಬೆಳ್ಳಿ ನಾಣ್ಯಗಳು ಆಗಸ್ಟಸ್ ಮತ್ತು ಟೈಬೀರಿಯಸ್ ಕಾಲದವು, ಇನ್ನೂ ಒಳ್ಳೆಯ ಬೆಳ್ಳಿ ಇದ್ದಾಗಿನವು.)

ಆಟದಲ್ಲಿ ಟಂಕಸಾಲೆಯವನ ಬಳಿ 400 ಗ್ರಾಂ ಬೆಳ್ಳಿ ಇತ್ತು. 4 ಗ್ರಾಮಿನ ನಾಣ್ಯವಾದರೆ 100 ಆಗುತ್ತವೆ. ಸೈನಿಕರಿಗೆ ಬೇಕಾದದ್ದು 160. ಒಂದು ಗುಂಪು ಎರಡೇ ನಿಮಿಷದಲ್ಲಿ ತಾಮ್ರ ಬೆರೆಸಿತು: ನಾಣ್ಯಕ್ಕೆ 2.5 ಗ್ರಾಂ ಬೆಳ್ಳಿ, 1.5 ಗ್ರಾಂ ತಾಮ್ರ, ಅಂದರೆ ಶೇಕಡಾ 62.5. ಮಿಶ್ರಣದ ಲೆಕ್ಕವನ್ನು ಇಷ್ಟು ಉತ್ಸಾಹದಿಂದ ಮಾಡಿದ್ದನ್ನು ನಾನು ಬೇರೆಲ್ಲೂ ನೋಡಿಲ್ಲ. ವ್ಯಾಪಾರಿಯ ಪಾತ್ರದ ಹುಡುಗಿಗೆ ಅನುಮಾನ ಬಂತು. ಹೇಗೆ ಪತ್ತೆ ಮಾಡುತ್ತೀ ಎಂದು ಕೇಳಿದೆ. ನೀರಿನಲ್ಲಿ ಮುಳುಗಿಸುತ್ತೇನೆ ಎಂದಳು. ಬೆಳ್ಳಿಯ ಸಾಂದ್ರತೆ ಘನ ಸೆಂಟಿಮೀಟರಿಗೆ 10.5 ಗ್ರಾಂ, ತಾಮ್ರದ್ದು 8.96. ಶುದ್ಧ ನಾಣ್ಯದ ಗಾತ್ರ 0.38 ಘನ ಸೆಂ.ಮೀ., ಬೆರಕೆಯದು 0.41. ನಮ್ಮ ಶಾಲೆಯ ಅಳತೆ ಜಾಡಿಯಲ್ಲಿ ಈ ವ್ಯತ್ಯಾಸ ಕಾಣುವುದೇ ಇಲ್ಲ. ಸ್ವಲ್ಪ ಹೊತ್ತು ಯೋಚಿಸಿ, “ಒಂದು ಸಾಲದು ಸರ್, ಚೀಲಾನೇ ತರಬೇಕು” ಎಂದಳು. ನೂರು ನಾಣ್ಯ ಮುಳುಗಿಸಿದರೆ ಎರಡೂವರೆ ಮಿಲಿಲೀಟರ್ ನೀರು ಹೆಚ್ಚಿಗೆ ಏರುತ್ತದೆ, ಅದು ಕಾಣುತ್ತದೆ. ಉಪಕರಣದ ಮಿತಿಯನ್ನು ಮಾದರಿಯ ಗಾತ್ರ ಹೆಚ್ಚಿಸಿ ದಾಟಬಹುದು ಎಂಬುದನ್ನು ನಾನು ಯಾವ ‘ನಿರ್ದಿಷ್ಟ ಉದ್ದೇಶ’ದಲ್ಲೂ ಬರೆದಿರಲಿಲ್ಲ. ಮುಂದಿನ ಅವಧಿಯಲ್ಲಿ ಸಂತೆಯ ಬೆಲೆಗಳು ಏರಿದಾಗ ಯಾಕೆ ಎಂದು ಯಾರೂ ನನ್ನನ್ನು ಕೇಳಲಿಲ್ಲ. ಎಲ್ಲರೂ ಟಂಕಸಾಲೆಯವನ ಕಡೆ ತಿರುಗಿದರು.

ಕಾಲ್ಪನಿಕವಾದ ಒಂದು ಅಂಶವನ್ನೂ ಇಟ್ಟಿದ್ದೆ. ಪಟ್ಟಣದ ದಾರಿಯುದ್ದಕ್ಕೂ ಪೂರ್ವಿಕರು ನೆಟ್ಟ ಕಲ್ಲುದೀಪಗಳಿವೆ. ಅವು ಒಂದೊಂದಾಗಿ ಆರುತ್ತಿವೆ, ಹೊತ್ತಿಸುವ ವಿದ್ಯೆ ಯಾರಿಗೂ ನೆನಪಿಲ್ಲ. ಅವು ಆರುವುದರ ಹಿಂದೆ ನಾನು ಬರೆದಿಟ್ಟ ಒಂದು ನಿಯಮವಿತ್ತು. ಅದನ್ನು ಆಟದ ನಡುವೆ ಬದಲಿಸುವಂತಿಲ್ಲ. ಮಕ್ಕಳು ಮೊದಲು ಶಾಪ ಎಂದರು, ನಂತರ ತೇವ ಎಂದರು. ಒಂದು ಗುಂಪು ಎರಡು ದೀಪ ಕಿತ್ತು, ಒಂದನ್ನು ಒಣ ನೆಲಮಾಳಿಗೆಯಲ್ಲೂ ಇನ್ನೊಂದನ್ನು ಕೆರೆ ದಂಡೆಯಲ್ಲೂ ಇಟ್ಟಿತು. ನಮ್ಮ ಪ್ರಯೋಗಾಲಯಗಳಲ್ಲಿ ‘ಪ್ರಯೋಗ’ ಎಂಬುದು ಉತ್ತರ ಗೊತ್ತಿರುವ ಕೆಲಸ. ಬ್ಯೂರೆಟ್ ಓದುವ ಮೊದಲೇ ಪಕ್ಕದವರ ದಾಖಲೆ ಪುಸ್ತಕದಲ್ಲಿ ಅಂಕಿ ಸಿಕ್ಕಿಬಿಟ್ಟಿರುತ್ತದೆ. ಒಂದು ಸುಳ್ಳು ದೀಪದ ಮುಂದೆ ಈ ಮಕ್ಕಳು ನಿಜವಾಗಿ ಊಹಿಸಿ, ನಿಜವಾಗಿ ಪರೀಕ್ಷಿಸಿದರು.

ದಾಳವೆಂದರೆ ಜೂಜು ಎಂಬ ಆಕ್ಷೇಪ ಬರುತ್ತದೆ. 1980ರ ದಶಕದ ಅಮೆರಿಕದಲ್ಲಿ ಈ ಆಟ ಮಾಟಮಂತ್ರ ಕಲಿಸುತ್ತದೆಂದೇ ಗಲಾಟೆಯಾಗಿತ್ತು, ನಮ್ಮದು ಅದಕ್ಕಿಂತ ಸಣ್ಣ ತೊಡಕು. ನಾನು ಚೌಕಾಬಾರದ ಹುಣಸೆ ಬೀಜ ಬಳಸಿದೆ, ಒಂದು ಬದಿ ತೇಯ್ದ ನಾಲ್ಕು ಬೀಜ. ಬಿಳಿಯೂ ಕಪ್ಪೂ ಸಮಸಮ ಬೀಳುವುದಾದರೆ 16 ಸಾಧ್ಯತೆಗಳಲ್ಲಿ ಎರಡು ಬಿಳಿ ಬರುವುದು 6 ಸಲ, ನಾಲ್ಕೂ ಬಿಳಿ ಒಂದೇ ಸಲ. ಆದರೆ ತೇಯ್ದ ಬೀಜ ಸಮ ಬೀಳುವುದಿಲ್ಲ. ಸೈನ್ಯಾಧಿಕಾರಿಯ ಪಾತ್ರದ ಹುಡುಗ ತನ್ನ ಗುಂಪಿನ ಬೀಜಗಳನ್ನು ನೂರು ಸಲ ಎಸೆದು ಬರೆದುಕೊಂಡು ಬಂದ, ಸೇತುವೆ ದಾಟುವ ಅಪಾಯ ಎಷ್ಟೆಂದು ತಿಳಿಯಲು. ಮುಂದಿನ ವರ್ಷ ಓದಲಿರುವ ಸಂಭವನೀಯತೆಯ ಪಾಠ ಅವನಿಗೆ ಆಗಲೇ ಅರ್ಧ ಆಗಿದೆ.

ಈ ಆಟಗಳಿಂದ ನಾವು ಎಂದಿಗೂ ತರಬಾರದ ಒಂದು ಸಂಗತಿಯೂ ಇದೆ. ಹಳೆಯ ನಿಯಮ ಪುಸ್ತಕಗಳಲ್ಲಿ ಪಾತ್ರದ ಜನಾಂಗ ನೋಡಿ ಬಲ, ಬುದ್ಧಿ, ಚುರುಕುತನಕ್ಕೆ ಅಂಕ ಕೂಡಿಸುವ ಕಳೆಯುವ ಪದ್ಧತಿಯಿತ್ತು. ಪ್ರಕಾಶಕರು 2020ರಿಂದ ಅದನ್ನು ಸಡಿಲಿಸಿ, 2024ರ ಆವೃತ್ತಿಯಲ್ಲಿ ಆ ಪದವನ್ನೇ ಬಿಟ್ಟರು. ಅಲ್ಲಿ ಅದು ಯಕ್ಷ ಕಿನ್ನರರ ಮಾತಿರಬಹುದು. ಹುಟ್ಟಿದ ಮನೆ ನೋಡಿ ಬುದ್ಧಿಗೆ ಅಂಕ ಕೊಡುವ ನಿಯಮ ನಮ್ಮ ತರಗತಿಗಳಲ್ಲಿ ಯಾರೂ ಬರೆಯದೆಯೇ ಚಾಲ್ತಿಯಲ್ಲಿದೆ, ಅದಕ್ಕೆ ದಾಳದ ಮುದ್ರೆ ಬೇಕಿಲ್ಲ. ನನ್ನ ಆಟದಲ್ಲಿ ಪಾತ್ರಗಳನ್ನು ಚೀಟಿ ಎತ್ತಿ ಹಂಚಿದೆ. ಯಾರಿಗೂ ಹುಟ್ಟಿನ ಅಂಕವಿಲ್ಲ, ಮಾಡಿದ ಕೆಲಸದ ಅಂಕ ಮಾತ್ರ.

ಕುಸಿತದ ಕತೆಗೆ ತನ್ನದೇ ಅಪಾಯವಿದೆ. ಮೂರನೇ ಅವಧಿಗೇ ಎರಡು ಗುಂಪುಗಳು ಗಡಿಯಾಚೆಯಿಂದ ಬಂದು ನೆಲೆಸಿದವರನ್ನು ಓಡಿಸಿದರೆ ಎಲ್ಲ ಸರಿಯಾಗುತ್ತದೆ ಎಂದು ತೀರ್ಮಾನಿಸಿದವು, ಓಡಿಸಿಯೂ ಬಿಟ್ಟವು. ಪಟ್ಟಣದ ಗೋಧಿಯಲ್ಲಿ ಅರ್ಧ ಬೆಳೆಯುತ್ತಿದ್ದವರು ಅವರೇ ಎಂಬುದು ಉಗ್ರಾಣದ ಪುಸ್ತಕದಲ್ಲಿತ್ತು. ಗುಮಾಸ್ತೆ ಓದಿರಲಿಲ್ಲ. ನಾನು ಉಪದೇಶ ಮಾಡಲಿಲ್ಲ. ಮುಂದಿನ ಋತುವಿನ ಲೆಕ್ಕವನ್ನು ಗುಮಾಸ್ತೆಯೇ ಓದಿ ಹೇಳಿದ. ರೋಮಿನ ಸೈನ್ಯದಲ್ಲೂ ಗಡಿಯಾಚೆಯ ಜನ ಬಹಳ ಇದ್ದರೆಂದು ಆಮೇಲೆ ಹೇಳಿದೆ, ಅಷ್ಟೇ.

ಇದು ಎಲ್ಲರಿಗೂ ಎಲ್ಲ ಪಾಠಕ್ಕೂ ಒಗ್ಗುವುದಿಲ್ಲ. ಅರವತ್ತು ಮಕ್ಕಳ ತರಗತಿಯಲ್ಲಿ ಒಬ್ಬರೇ ನಡೆಸುವುದು ಕಷ್ಟ. ಗದ್ದಲವಾಗುತ್ತದೆ, ಪಕ್ಕದ ಕೊಠಡಿಯವರು ಬಂದು ಇಣುಕುತ್ತಾರೆ. ಕತೆ ಹೇಳುವ ಹುಚ್ಚಿರುವ ಶಿಕ್ಷಕರು ಮಕ್ಕಳ ಸಮಯವನ್ನೆಲ್ಲ ತಾವೇ ತಿಂದುಬಿಡುವ ಸಂಭವ ಹೆಚ್ಚು. ತಯಾರಿಗೆ ಮಾಮೂಲಿ ಪಾಠದ ಮೂರು ಪಟ್ಟು ಹೊತ್ತು ಬೇಕು.

ಆದರೆ ಈಗಿನ ತೊಡಕು ಇವ್ಯಾವುದೂ ಅಲ್ಲ, ನಮೂನೆ. ನಮ್ಮ ಬೋಧನಾಭ್ಯಾಸದಲ್ಲಿ ಪ್ರತಿ ಪಾಠವೂ ನಲವತ್ತು ನಿಮಿಷದಲ್ಲಿ ಹುಟ್ಟಿ, ಬೆಳೆದು, ಮೌಲ್ಯಮಾಪನಗೊಂಡು, ಗೃಹಪಾಠವಾಗಿ ತೀರಿಕೊಳ್ಳಬೇಕು. ಐದು ಅವಧಿಗಳ ಆಟದಲ್ಲಿ ಒಂದನ್ನು ಮಾತ್ರ ಪಾಠವೆಂದು ಎಣಿಸಲು ಸಾಧ್ಯ, ಅದಕ್ಕೂ ‘ಸಾರಾಂಶ’ ಬೇಕೆಂದರು. ಮೇಲ್ವಿಚಾರಕರ ತಪ್ಪಲ್ಲ, ಹಾಳೆಯಲ್ಲಿ ಆ ಕಲಮು ಇದೆ. ನನ್ನ ಕೋರಿಕೆ ಸಣ್ಣದು. ಇಂಟರ್ನ್‌ಶಿಪ್ ಪಾಠಗಳಲ್ಲಿ ಐದನ್ನು ಒಂದಕ್ಕೊಂದು ಹೆಣೆದ ಘಟಕವಾಗಿ ಕೊಡಲು, ಬೇಕೆನ್ನುವ ಪ್ರಶಿಕ್ಷಣಾರ್ಥಿಗೆ ಅವಕಾಶವಿರಲಿ. ಅವಲೋಕನಕ್ಕೆ ಮೂರನೆಯ ಪಾಠಕ್ಕೆ ಬನ್ನಿ, ಮೊದಲನೆಯದಕ್ಕಲ್ಲ. ನಿರ್ಧಾರಗಳ ಬೆಲೆ ತೆರುವುದು ಆಗಲೇ ಶುರುವಾಗುವುದು. ಗುಟ್ಟಿನ ನಿಯಮವನ್ನು ಲಕೋಟೆಯಲ್ಲಿಟ್ಟು ಮೊದಲೇ ಮೇಲ್ವಿಚಾರಕರಿಗೆ ಒಪ್ಪಿಸಬೇಕೆಂದು ಮಾಡಿ, ಶಿಕ್ಷಕರು ನಡುವೆ ಬದಲಿಸದಂತೆ. ಮೌಲ್ಯಮಾಪನಕ್ಕೆ ಮಕ್ಕಳ ಲೆಕ್ಕದ ಪುಸ್ತಕ ಓದಿ. ಯಾರು ಯಾವಾಗ ಮನಸ್ಸು ಬದಲಿಸಿದರು, ಯಾವ ಅಂಕಿ ನೋಡಿ ಬದಲಿಸಿದರು ಎಂಬುದೆಲ್ಲ ಅದರಲ್ಲಿ ಅವರ ಕೈಬರಹದಲ್ಲೇ ಇರುತ್ತದೆ.

ನಮ್ಮ ಆರು ಗುಂಪಿನ ಪುಸ್ತಕಗಳು ಆ ಶಾಲೆಯ ವಿಜ್ಞಾನ ಕೊಠಡಿಯಲ್ಲೇ ಇವೆ, ಹುಣಸೆ ಬೀಜಗಳ ಡಬ್ಬಿಯೂ. ಮುಂದಿನ ತಂಡದವರು ಯಾರಾದರೂ ಮುಂದುವರಿಸುವುದಾದರೆ, ನಾಲ್ಕನೇ ಗುಂಪಿನ ಸೇತುವೆ ಇನ್ನೊಂದು ಮಳೆಗಾಲ ತಡೆಯುವುದಿಲ್ಲ.